ಮನೆಯ ಮೌಲ್ಯಗಳು, ಮನೆಮಂದಿಯ ಪಾಲು



'ಮೌಲ್ಯ' ಎಂಬ ಮಾತನ್ನು ನಾವು ಪಾಠಗಳಲ್ಲಿ, ಭಾಷಣಗಳಲ್ಲಿ ಆಗಾಗ ಕೇಳುತ್ತೇವೆ. ಸಂಸ್ಕೃತದ 'ಮೂಲ್ಯ' ಎಂಬ ಪದದಿಂದ ಇದು ಬಂದಿದೆ. ಮೂಲ್ಯ ಎಂದರೆ ಬೆಲೆ. ಅಂಗಡಿಯಲ್ಲಿ ಒಂದು ವಸ್ತು ಬೇಕಾದರೆ ಬೆಲೆ ಕೊಡಬೇಕು. ಹಾಗೆಯೇ ಮನೆಯಲ್ಲಿ ಸತ್ಯ, ಗೌರವ, ಹಂಚಿ ಉಣ್ಣುವ ಗುಣ ನೆಲೆಸಬೇಕಾದರೂ ಬೆಲೆ ತೆರಬೇಕು. ಆ ಬೆಲೆ ಹಣವಲ್ಲ. ಸ್ವಲ್ಪ ಸಮಯ, ಸ್ವಲ್ಪ ಸುಖ, ಕೆಲವೊಮ್ಮೆ ಸ್ವಲ್ಪ ಲಾಭ.

12ನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಿಮಗೆ ತಿಳಿದಿರಬಹುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಅವರ ದಾಸೋಹ ನಡೆಯುತ್ತಿತ್ತು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮಗೆ ಬೇಕಾದುದಕ್ಕಿಂತ ಹೆಚ್ಚು, ಹಿಂದಕ್ಕೆ ಕೊಟ್ಟು ಬಾ ಎಂದಳು.

ಈ ಕಥೆಯಲ್ಲಿ ಮೂರು ಪಾಠಗಳಿವೆ. ಮನೆಯ ನಿಯಮ ಎಲ್ಲರಿಗೂ ಒಂದೇ. ಯಾರು ತಪ್ಪಿದರೂ ನೆನಪಿಸುವ ಹಕ್ಕು ಉಳಿದವರಿಗಿದೆ. ನಿಯಮ ಉಳಿಯಬೇಕಾದರೆ ಏನನ್ನಾದರೂ ಬಿಡಬೇಕು.

ಊರಿನ ಕೂಡುಕುಟುಂಬದಲ್ಲಿ ಅಜ್ಜ-ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮ ಎಂದು ನೋಡಿ ಕಲಿಯಲು ಹತ್ತು ಜನರಿರುತ್ತಿದ್ದರು. ಬಹರೈನಿನ ಫ್ಲಾಟಿನಲ್ಲಿ ಮಗುವಿನ ಕಣ್ಣೆದುರು ಇರುವವರು ಹೆಚ್ಚಾಗಿ ಇಬ್ಬರೇ. 12ನೆಯ ತರಗತಿ ಮುಗಿದೊಡನೆ ನಮ್ಮ ಮಕ್ಕಳಲ್ಲಿ ಅನೇಕರು ಮಂಗಳೂರು, ಮಣಿಪಾಲ, ಬೆಂಗಳೂರಿನ ಹಾಸ್ಟೆಲುಗಳಿಗೆ ಹೊರಡುತ್ತಾರೆ. ಅಲ್ಲಿ ಬುದ್ಧಿ ಹೇಳಲು ಅಪ್ಪ ಅಮ್ಮ ಇರುವುದಿಲ್ಲ. ಅಷ್ಟರೊಳಗೆ ಏನು ಅಭ್ಯಾಸವಾಗಿದೆಯೋ ಅದು ಮಾತ್ರ ಅವರೊಂದಿಗೆ ವಿಮಾನ ಹತ್ತುತ್ತದೆ. ಆದ್ದರಿಂದ ನಮಗಿರುವ ಕಾಲ ಚಿಕ್ಕದು.

ಈಗ ಕೆಲವು ಉದಾಹರಣೆಗಳನ್ನು ನೋಡೋಣ.

ಸತ್ಯ: ಫೋನ್ ಬಂದಾಗ "ಅಪ್ಪ ಮನೆಯಲ್ಲಿಲ್ಲ ಅಂತ ಹೇಳು" ಎಂದರೆ ಆ ದಿನದ ಸತ್ಯದ ಪಾಠ ಅಲ್ಲಿಗೆ ಮುಗಿಯಿತು. "ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ" ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿದ್ದು. "ಅಪ್ಪ ಈಗ ಮಾತನಾಡುವಂತಿಲ್ಲ, ಆಮೇಲೆ ಮಾಡುತ್ತಾರೆ" ಎಂದರೆ ಸಾಕು.

ಕಾಯಕ: ತಾನು ಉಂಡ ತಟ್ಟೆ ತಾನೇ ತೊಳೆಯುವುದು, ಹಾಸಿಗೆ ಮಡಿಸುವುದು ಹೆಣ್ಣುಮಕ್ಕಳ ಕೆಲಸ ಮಾತ್ರವಲ್ಲ. ಅಣ್ಣನಿಗೂ ಅಪ್ಪನಿಗೂ ಅದು ಸೇರಿದ್ದು. ಮನೆಗೆಲಸದ ಬೆಲೆ ತಿಳಿದ ಮಗು ಕಟ್ಟಡ ಗುಡಿಸುವವರನ್ನೂ ಗೌರವದಿಂದ ಮಾತನಾಡಿಸುತ್ತದೆ.

ದಾಸೋಹ: ರಂಜಾನ್ ತಿಂಗಳಲ್ಲಿ ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬೇಡಿ. ಸಂಸಾರವನ್ನು ಊರಿನಲ್ಲಿ ಬಿಟ್ಟು ಒಬ್ಬರೇ ದುಡಿಯುತ್ತಿರುವವರನ್ನು ಯುಗಾದಿಯ ಊಟಕ್ಕೆ ಕರೆಯಿರಿ. ಬಡಿಸುವ ಕೆಲಸ ಮಕ್ಕಳಿಗಿರಲಿ.

ಹಿರಿಯರ ಗೌರವ: ಇಲ್ಲಿ ಸಂಜೆ 5 ಗಂಟೆಯಾದಾಗ ಊರಿನಲ್ಲಿ 7-30. ಅಜ್ಜಿ ದೀಪ ಹಚ್ಚಿ ಕುಳಿತಿರುವ ಹೊತ್ತು. ಆಗ ಮಕ್ಕಳೇ ಫೋನ್ ಮಾಡಲಿ. ಕನ್ನಡವೋ ತುಳುವೋ ಕೊಂಕಣಿಯೋ ಬ್ಯಾರಿಯೋ, ಅಜ್ಜಿಯ ಭಾಷೆಯಲ್ಲೇ ಮಾತನಾಡಲಿ. ಭಾಷೆ ಉಳಿದರೆ ಬಾಂಧವ್ಯವೂ ಉಳಿಯುತ್ತದೆ.

ಮಾಡಿ ನೋಡಿ: ಮುಂದಿನ ರಜಾದಿನ ಊಟವಾದ ಮೇಲೆ ಟಿವಿ, ಮೊಬೈಲು ಬದಿಗಿಟ್ಟು ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ನಿಮ್ಮ ಮನೆಗೆ ಬೇಕಾದ ಮೂರು ಮೌಲ್ಯಗಳನ್ನು ಚರ್ಚಿಸಿ ಆರಿಸಿ. ಮೂರಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದರ ಮುಂದೆ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

1. ಇದಕ್ಕಾಗಿ ನಾವು ದಿನವೂ ಏನು ಮಾಡುತ್ತೇವೆ?
2. ಇದಕ್ಕಾಗಿ ಯಾರು ಏನನ್ನು ಬಿಡುತ್ತೇವೆ?

ಎರಡನೆಯ ಪ್ರಶ್ನೆಗೆ ಅಪ್ಪ-ಅಮ್ಮ ಮೊದಲು ಉತ್ತರಿಸಲಿ. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ತಿಂಗಳಿಗೊಮ್ಮೆ ಓದಿ.

ಪೋಷಕರೇ, ಮಕ್ಕಳು ಅದನ್ನು ತೋರಿಸಿ ನಿಮ್ಮ ತಪ್ಪನ್ನು ನೆನಪಿಸಿದರೆ "ಎದುರು ಮಾತಾಡಬೇಡ" ಎಂದು ಗದರಿಸಬೇಡಿ. ಮಕ್ಕಳೇ, ನೆನಪಿಸುವಾಗ ನಿಮ್ಮ ಮಾತಿನಲ್ಲಿ ವಿನಯವಿರಲಿ. ಲಕ್ಕಮ್ಮನಂತೆ ಹೇಳುವವರೂ ಮಾರಯ್ಯನಂತೆ ಕೇಳುವವರೂ ಇದ್ದ ಮನೆಯಲ್ಲಿ ಮೌಲ್ಯಗಳು ತಾವಾಗಿಯೇ ಬೇರೂರುತ್ತವೆ.