ಒತ್ತಡವೇ ಬೇರೆ, ಹರಿವೇ ಬೇರೆ: ಹಳೆಯ ಜೀಪು ಕಲಿಸುವ ಪಾಠ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯ ಮಟ್ಟಸವಾದ ದಾರಿಯಲ್ಲಿ ಸುಖವಾಗಿ ಓಡುವ ಹಳೆಯ ಪೆಟ್ರೋಲ್ ಜೀಪೊಂದು, ಹೊರೆ ಹೇರಿಕೊಂಡು ಕಲಘಟಗಿಯ ಕಡೆಯ ಏರನ್ನು ಹತ್ತತೊಡಗಿದೊಡನೆ ಮುಗ್ಗರಿಸಿ, ಕೆಮ್ಮಿ, ನಿಂತುಬಿಡುತ್ತದೆಂದು ಭಾವಿಸೋಣ. ಅರ್ಧ ಗಂಟೆ ಬಿಟ್ಟರೆ ಅದು ಮತ್ತೆ ಹೊರಡುತ್ತದೆ. ಇಂಥ ಸಮಯದಲ್ಲಿ ಕಾರ್ಬುರೇಟರಿನ ತಿರುಪುಗಳಿಗೆ ಕೈಹಾಕುವುದು ವಾಡಿಕೆ. ಆದರೆ ದೋಷವು ಅಲ್ಲಿ ಇಲ್ಲದಿದ್ದರೆ, ಹಳೆಯ ದೋಷದೊಡನೆ ಹೊಸದೊಂದು ಸೇರಿದಂತಾಯಿತು. ಆದುದರಿಂದ ತಿರುಪನ್ನು ಮುಟ್ಟುವ ಮೊದಲು ಪೆಟ್ರೋಲು ಸಾಗುವ ಹಾದಿಯನ್ನು ನಾವು ಅರಿತುಕೊಳ್ಳಬೇಕು.

ಟಾಕಿಯಿಂದ ಪೆಟ್ರೋಲನ್ನು ಎಳೆದು ಕಾರ್ಬುರೇಟರಿಗೆ ಕಳುಹಿಸುವುದು ಎಂಜಿನ್ನಿನ ಪಕ್ಕದಲ್ಲಿರುವ ಚಿಕ್ಕ ಪಂಪು. ಕ್ಯಾಮ್ ದಂಡದ ಉಬ್ಬು ಒಂದು ಸನ್ನೆಯನ್ನು ತಳ್ಳಿದಾಗ ಪಂಪಿನೊಳಗಿನ ಪೊರೆಯು ಕೆಳಗೆ ಸರಿದು ಪೆಟ್ರೋಲನ್ನು ಹೀರುತ್ತದೆ. ಬಳಿಕ ಸ್ಪ್ರಿಂಗೊಂದು ಪೊರೆಯನ್ನು ಮೇಲಕ್ಕೊತ್ತಿ ಅದನ್ನು ಹೊರದೂಡುತ್ತದೆ. ಒತ್ತಡವನ್ನು ನಿರ್ಧರಿಸುವುದು ಈ ಸ್ಪ್ರಿಂಗಿನ ಬಲವೇ. ಅದು ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 0.2ರಿಂದ 0.35 ಕಿಲೋಗ್ರಾಮಿನಷ್ಟು. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲುಗಳಲ್ಲಿ ಪಂಪೇ ಇರಲಿಲ್ಲ. ಟಾಕಿಯು ಮೇಲಿದ್ದುದರಿಂದ ಪೆಟ್ರೋಲು ತನ್ನ ಭಾರದಿಂದಲೇ ಇಳಿಯುತ್ತಿತ್ತು. ಪೆಟ್ರೋಲಿನ ಸಾಂದ್ರತೆ ಸುಮಾರು 0.74, ಆದುದರಿಂದ 30 ಸೆಂಟಿಮೀಟರ್ ಎತ್ತರದ ಒತ್ತಡ ಚದರ ಸೆಂಟಿಮೀಟರಿಗೆ ಕೇವಲ 22 ಗ್ರಾಂ ಎಂಬುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು.

ಹೀಗೆ ಬಂದ ಪೆಟ್ರೋಲು ಕಾರ್ಬುರೇಟರಿನ ತೇಲುಗುಂಡಿನ ಕೋಣೆಯನ್ನು ಸೇರುತ್ತದೆ. ಮಟ್ಟ ಏರಿದಂತೆ ಗುಂಡು ಮೇಲೆದ್ದು, ಸೂಜಿಯೊಂದರಿಂದ ಒಳದಾರಿಯನ್ನು ಮುಚ್ಚುತ್ತದೆ. ಪಕ್ಕದ ಇಕ್ಕಟ್ಟಾದ ಕೊರಳಿನಲ್ಲಿ ಗಾಳಿಯು ವೇಗವಾಗಿ ನುಗ್ಗುವಾಗ ಅಲ್ಲಿಯ ಒತ್ತಡ ಇಳಿಯುತ್ತದೆ. ಇದು 1738ರಲ್ಲಿ ಡೇನಿಯಲ್ ಬರ್ನೂಲಿ ಪ್ರಕಟಿಸಿದ ತತ್ತ್ವ. ಆಗ ಜೆಟ್ಟೆಂಬ ಕಿರುರಂಧ್ರದಿಂದ ಪೆಟ್ರೋಲು ತುಂತುರಾಗಿ ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ತೂಕದಲ್ಲಿ ಪೆಟ್ರೋಲಿನ ಒಂದು ಭಾಗಕ್ಕೆ ಗಾಳಿಯ ಸುಮಾರು 15 ಭಾಗಗಳು ಬೇಕು.

ಪಂಪಿನ ಒತ್ತಡ ಅತಿಯಾದರೆ, ಅಥವಾ ಸೂಜಿಯ ಕೆಳಗೆ ಕಸ ಸಿಕ್ಕಿಕೊಂಡರೆ, ಕೋಣೆಯು ತುಂಬಿ ತುಳುಕುತ್ತದೆ. ಆಗ ಕಪ್ಪು ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹತ್ತುತ್ತದೆ. ಎರೆಮಣ್ಣಿನ ಧೂಳು ಗಾಳಿಯ ಶೋಧಕವನ್ನು ಮುಚ್ಚಿದರೂ ಇವೇ ಲಕ್ಷಣಗಳು. ಪೆಟ್ರೋಲು ಸಾಲದಿದ್ದರೆ ಪ್ಲಗ್ಗು ಬೆಳ್ಳಗಾಗುತ್ತದೆ. ಚೋಕನ್ನು ತುಸು ಎಳೆದೊಡನೆ ಎಂಜಿನ್ ಚೇತರಿಸಿಕೊಳ್ಳುತ್ತದೆ. ನಮ್ಮ ಜೀಪಿನ ಕಾಯಿಲೆ ಈ ಎರಡನೆಯದೆಂದು ಇಟ್ಟುಕೊಳ್ಳೋಣ.

ಇಲ್ಲಿಯೇ ಹಲವರು ಮೋಸಹೋಗುವುದು. ಪಂಪಿಗೂ ಕಾರ್ಬುರೇಟರಿಗೂ ನಡುವೆ ಒತ್ತಡಮಾಪಕವನ್ನು ಜೋಡಿಸಿ, ನಿಂತ ಗಾಡಿಯಲ್ಲಿ ನೋಡಿದರೆ ಮುಳ್ಳು ಸರಿಯಾದ ಅಂಕಿಯನ್ನೇ ತೋರಿಸಬಹುದು. ಊರಿನ ನೀರಿನ ಟಾಕಿಯನ್ನು ನೆನೆಯೋಣ. ಕೊಳವೆಯಲ್ಲಿ ಹೂಳು ತುಂಬಿದ್ದರೂ ನಲ್ಲಿಯನ್ನು ಮುಚ್ಚಿರುವಾಗ ಒತ್ತಡ ಪೂರ್ತಿಯಾಗಿಯೇ ಇರುತ್ತದೆ; ತೆರೆದಾಗ ಮಾತ್ರ ನೀರು ಸಣ್ಣ ಎಳೆಯಾಗಿ ಬೀಳುತ್ತದೆ. ನಿಂತ ಜೀಪು ಬಹುಮಟ್ಟಿಗೆ ಮುಚ್ಚಿದ ನಲ್ಲಿ. ಏರು ಹತ್ತುವ ಜೀಪು ತೆರೆದ ನಲ್ಲಿ. ಆದುದರಿಂದ ಒತ್ತಡ, ಹರಿವು ಎರಡನ್ನೂ ಅಳೆಯಬೇಕು.

ಹರಿವನ್ನು ಅಳೆಯಲು, ಎಂಜಿನ್ ತಣ್ಣಗಿರುವಾಗ, ಕಾಯಿಲಿನ ತಂತಿಯನ್ನು ಕಳಚಿ ಕಿಡಿಯನ್ನು ನಿಲ್ಲಿಸಬೇಕು. ಬಳಿಕ ಕಾರ್ಬುರೇಟರಿನ ಕೊಳವೆಯನ್ನು ಬಿಚ್ಚಿ ಲೋಹದ ಡಬ್ಬಿಯೊಳಗೆ ಬಿಟ್ಟು, ಸ್ಟಾರ್ಟರಿನಿಂದ ಎಂಜಿನ್ನನ್ನು ತಿರುಗಿಸಬೇಕು. ಇದನ್ನು ಬಯಲಿನಲ್ಲಿ, ಅನುಭವಿ ಮಿಸ್ತ್ರಿಯ ಎದುರಿನಲ್ಲಿಯೇ ಮಾಡತಕ್ಕದ್ದು; ಬೀಡಿ, ದೀಪಗಳು ಹತ್ತಿರ ಸುಳಿಯಬಾರದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಡಿಕೊಂಡು ದೂರದ ಬೆಂಕಿಯನ್ನು ಮುಟ್ಟಬಲ್ಲುದು.

ಒತ್ತಡವೇ ಕಡಿಮೆಯಿದ್ದರೆ ಪಂಪಿನ ಪೊರೆ, ಕವಾಟ, ಸ್ಪ್ರಿಂಗುಗಳನ್ನು ಶಂಕಿಸಬೇಕು. ಡಬ್ಬಿಗೆ ಗುಳ್ಳೆಗಳು ಬಂದರೆ ಪಂಪಿನ ಹಿಂದಿನ ಕೊಳವೆ ಎಲ್ಲಿಯೋ ಗಾಳಿಯನ್ನು ಹೀರುತ್ತಿದೆ. ಒತ್ತಡವಿದ್ದು ಹರಿವು ಸಾಲದಿದ್ದರೆ ಶೋಧಕವೋ ಕೊಳವೆಯೋ ಕಟ್ಟಿರಬೇಕು. ಇಲ್ಲವೆ ಟಾಕಿಯ ಮುಚ್ಚಳದ ಗಾಳಿರಂಧ್ರ ಧೂಳಿನಿಂದ ಮುಚ್ಚಿರಬೇಕು. ಗಾಡಿ ನಿಂತೊಡನೆ ಮುಚ್ಚಳವನ್ನು ಸಡಿಲಿಸಿದಾಗ ಗಾಳಿಯು ಸುಯ್ಯೆಂದು ಒಳನುಗ್ಗಿದರೆ ಕಳ್ಳ ಸಿಕ್ಕಿದಂತೆಯೇ. ಒತ್ತಡ, ಹರಿವು ಎರಡೂ ಸರಿಯಿದ್ದು, ಬಿಸಿಲಿನ ಹೊತ್ತಿನಲ್ಲಿ ಮಾತ್ರ ಗಾಡಿ ನಿಂತರೆ, ಎಂಜಿನ್ನಿನ ಕಾವಿಗೆ ಕೊಳವೆಯಲ್ಲಿಯೇ ಪೆಟ್ರೋಲು ಆವಿಯಾಗುತ್ತಿರಬಹುದು. ದ್ರವಕ್ಕಾಗಿ ಮಾಡಿದ ಪಂಪು ಆವಿಯನ್ನು ತಳ್ಳಲಾರದು. ಕಿಡಿಯೂ ಸೇರಿ ಇವೆಲ್ಲವೂ ನಿರ್ದೋಷಿಗಳೆಂದು ತಿಳಿದ ಮೇಲೆಯೇ ಕಾರ್ಬುರೇಟರನ್ನು ಬಿಚ್ಚಿ ಜೆಟ್ಟನ್ನು ನೋಡಬೇಕು.

ಅರ್ಧ ಗಂಟೆಯ ವಿಶ್ರಾಂತಿಯಿಂದ ಕಟ್ಟಿದ ಶೋಧಕದ ಮೂಲಕವೂ ಕೋಣೆ ನಿಧಾನವಾಗಿ ತುಂಬುತ್ತದೆ. ಮುಚ್ಚಿದ ರಂಧ್ರದಲ್ಲಿಯೂ ಗಾಳಿ ಒಸರುತ್ತದೆ. ಆವಿಯೂ ತಣಿದು ದ್ರವವಾಗುತ್ತದೆ. ಲಕ್ಷಣ ಒಂದೇ, ಕಾರಣಗಳು ಮೂರು!

ಇಂದಿನ ಪೆಟ್ರೋಲಿನಿಂದ ಇನ್ನೊಂದು ತೊಡಕಿದೆ. 2025ರ ವೇಳೆಗೆ ನಮ್ಮ ದೇಶದಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ರೂಢಿಗೆ ಬಂದಿತು. ಎಥನಾಲು ನೀರನ್ನು ಸೆಳೆಯುತ್ತದೆ, ಹಳೆಯ ಬಗೆಯ ರಬ್ಬರನ್ನು ಕೆಡಿಸುತ್ತದೆ. ತನ್ನಲ್ಲಿಯೇ ಆಮ್ಲಜನಕವನ್ನು ಹೊಂದಿರುವುದರಿಂದ, ಹಳೆಯ ಜೆಟ್ಟಿನಲ್ಲಿ ಮಿಶ್ರಣವನ್ನು ತುಸು ತೆಳುವಾಗಿಸುತ್ತದೆ. ಪೊರೆಯನ್ನೂ ಕೊಳವೆಯನ್ನೂ ಬದಲಿಸುವಾಗ ಎಥನಾಲನ್ನು ತಾಳುವಂಥವನ್ನೇ ಆರಿಸಬೇಕು.

ಒಂದು ಬಾರಿಗೆ ಒಂದನ್ನೇ ಬದಲಿಸಿ, ಪ್ರತಿ ಸಾರಿ ಅಳೆದು ನೋಡುವವನಿಗೆ ದೋಷವು ಬಹುಕಾಲ ಅಡಗಿರಲಾರದು. ಪ್ರಯೋಗಶಾಲೆಯ ಈ ನಿಯಮ ಹೊಲದ ಬದುವಿನಲ್ಲಿ ನಿಂತ ಜೀಪಿಗೂ ಸಲ್ಲುತ್ತದೆ.