ಶಾಲಾ ಪ್ರವಾಸವೋ, ನಿಸರ್ಗ ಶಿಬಿರವೋ?

ದೀಪಾವಳಿ ರಜೆ ಮುಗಿಯಿತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಮಕ್ಕಳು ಮನೆಗೆ ಚೀಟಿ ತರುತ್ತಾರೆ. ಭಾನುವಾರ ಪೂಜೆ ಮುಗಿದ ಮೇಲೆ ತಾಯಂದಿರು ಆ ಚೀಟಿ ಹಿಡಿದುಕೊಂಡು ನನ್ನ ಬಳಿ ಬರುತ್ತಾರೆ. "ಫಾದರ್, ಹುಡುಗನ್ನ ಕಳಸೂದೋ ಬ್ಯಾಡೋ, ನೀವಽ ಹೇಳ್ರಿ" ಎನ್ನುತ್ತಾರೆ. ಪ್ರತಿ ವರ್ಷ ಏನೋ ಒಂದು ಉತ್ತರ ಕೊಟ್ಟು ಕಳಿಸುತ್ತಿದ್ದೆ. ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯೋಣವೆಂದು ಕುಳಿತಿದ್ದೇನೆ.

ನಮ್ಮಲ್ಲಿ ಪ್ರವಾಸವೆಂದರೆ ಏನು? ರಾತ್ರಿ ಬಸ್ಸು ಹತ್ತುವುದು, ಮೂರು ದಿನದಲ್ಲಿ ಹತ್ತು ಊರು ಸುತ್ತುವುದು, ಪ್ರತಿ ಊರಲ್ಲಿ ಅರ್ಧ ತಾಸು ಇಳಿದು ಫೋಟೋ ತೆಗೆಸಿಕೊಳ್ಳುವುದು. ಹೀಗೆ ಹೋಗಿ ಬಂದ ಹುಡುಗನೊಬ್ಬನನ್ನು "ಏನೇನು ನೋಡಿದೆಯಪ್ಪಾ?" ಎಂದು ಕೇಳಿದೆ. ಬಸ್ಸಿನಲ್ಲಿ ಹಾಕಿದ ನಾಲ್ಕು ಸಿನಿಮಾಗಳ ಹೆಸರನ್ನು ತಪ್ಪಿಲ್ಲದೆ ಹೇಳಿದ. ಉಳಿದದ್ದಕ್ಕೆ ತಲೆ ಕೆರೆದುಕೊಂಡ. ಅವನನ್ನು ಬೈದು ಉಪಯೋಗವಿಲ್ಲ. ನಿದ್ದೆಗೆಟ್ಟ ಮಗುವಿನ ಕಣ್ಣಿಗೆ ಹಂಪಿಯೂ ಅಷ್ಟೇ, ಹೋಟೆಲಿನ ಅಂಗಳವೂ ಅಷ್ಟೇ.

ಇದು ಹಣ ಹಾಳಾಗುವ ಮಾತಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಬಯಲುಸೀಮೆಯಿಂದ ಬಂದು ಕಡಲನ್ನು ಕಂಡ ಮಗುವಿಗೆ ಅಲೆಯ ಸ್ವಭಾವ ಹೇಗೆ ತಿಳಿದೀತು? ನೀರನ್ನು ದೂರದಿಂದ ನೋಡಿ, ಅದರ ನಡತೆಯನ್ನು ಅರಿಯಲು ನಾವು ಮಕ್ಕಳಿಗೆ ಎಂದಾದರೂ ಕಲಿಸಿದ್ದೇವೆಯೇ?

ಇನ್ನೊಂದು ಮಾತಿದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರವಾಸದ ಹಣ ಕಟ್ಟಲಾಗದ ಮಕ್ಕಳು ಆ ಮೂರು ದಿನ ಮನೆಯಲ್ಲಿರುತ್ತಾರೆ. ಕಬ್ಬು ಕಡಿಯುವವರ ಮಕ್ಕಳು, ಗೌಂಡಿ ಕೆಲಸದವರ ಮಕ್ಕಳು "ನನಗ ಜ್ವರ ಬಂದಿತ್ತು" ಎಂದು ಸುಳ್ಳು ಹೇಳುವುದನ್ನು ಕಲಿಯುತ್ತಾರೆ.

ಹಾಗಾದರೆ ಮಕ್ಕಳನ್ನು ಹೊರಗೆ ಕರೆದೊಯ್ಯಲೇಬಾರದೇ? ಕರೆದೊಯ್ಯಬೇಕು. ನಾನು ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಮನುಷ್ಯನ ತಿಳಿವು ಇಂದ್ರಿಯಗಳಿಂದ ಆರಂಭವಾಗುತ್ತದೆ, ಕಣ್ಣು ಕಿವಿ ಕೈಗಳ ಬಾಗಿಲಿನಿಂದಲೇ ಬುದ್ಧಿಯ ಮನೆಗೆ ಪ್ರವೇಶ ಎಂಬುದು ಅದರ ತಾತ್ಪರ್ಯ. ಪರೀಕ್ಷೆಯಲ್ಲಿ ಅಂಕ ಬಂತು. ಅರ್ಥವಾದದ್ದು ಮಾತ್ರ ಬಹಳ ವರ್ಷಗಳ ನಂತರ, ಧುಪದಾಳದ ನೀರಿನ ದಂಡೆಯ ಮೇಲೆ.

ಈ ವಿಚಾರ ನಮ್ಮ ದೇಶಕ್ಕೆ ಹೊಸದೇನಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಐವರು ಮಕ್ಕಳೊಂದಿಗೆ ಶಾಲೆ ತೆರೆದು ಮರಗಳ ಕೆಳಗೇ ಪಾಠ ನಡೆಸಿದರು. 1991ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. ಅದರಿಂದ ಪಠ್ಯಪುಸ್ತಕಗಳೇನೋ ಬಂದವು. ಆದರೆ ಪುಸ್ತಕದ ಪರಿಸರವನ್ನು ಮಕ್ಕಳು ಗೋಡೆಯೊಳಗೇ ಕುಳಿತು ಓದಿದರು. ನಮ್ಮ ರಾಜ್ಯದ ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಎಂಬ ಕಾರ್ಯಕ್ರಮದಲ್ಲಿ ಸರಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ದು ಶಿಬಿರ ನಡೆಸುತ್ತಾರೆ. ಒಳ್ಳೆಯ ಕೆಲಸ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪರಿಪತ್ರದ ಕೊನೆಯ ಅಧ್ಯಾಯವನ್ನು ಇಂಥ ಶಿಕ್ಷಣಕ್ಕೆಂದೇ ಮೀಸಲಿಟ್ಟರು. ಪ್ರಭು ಯೇಸು ಜನರಿಗೆ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ನೋಡಿರೆಂದು ಹೇಳಿದ್ದು ಬಯಲಿನಲ್ಲೇ ಹೊರತು ತರಗತಿಯಲ್ಲಲ್ಲ ಎಂಬುದನ್ನು ನಮ್ಮ ಧರ್ಮೋಪದೇಶದ ಶಿಕ್ಷಕರು ನೆನಪಿಡಬಹುದು.

ಇದಕ್ಕೆ ದೂರ ಹೋಗಬೇಕಾಗಿಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ, ಈ ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಘಟಪ್ರಭೆ ಹರಿಯುತ್ತಾಳೆ. ಸಹ್ಯಾದ್ರಿಯಲ್ಲಿ ಹುಟ್ಟಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟೆಗೆ ಸಿಕ್ಕಿ ನಿಲ್ಲುತ್ತಾಳೆ. ಅಲ್ಲಿಂದ ಬಿಟ್ಟ ಮೇಲೆ ಹಿರಣ್ಯಕೇಶಿಯನ್ನು ಕೂಡಿಕೊಂಡು ಧುಪದಾಳದ ಒಡ್ಡಿಗೆ ಬರುತ್ತಾಳೆ. ಮುಂದೆ ಗೋಕಾಕ ಫಾಲ್ಸಿನಲ್ಲಿ ಸುಮಾರು 52 ಮೀಟರ್ ಧುಮುಕಿ, ಗೋಕಾಕದ ಹತ್ತಿರ ಮಾರ್ಕಂಡೇಯ ನದಿಯನ್ನು ಸೇರಿಸಿಕೊಂಡು, ಮೂಡಲಗಿ ತಾಲ್ಲೂಕಿನ ದಂಡೆಯ ಹಳ್ಳಿಗಳನ್ನು ಹಾದು ಕೃಷ್ಣೆಯ ಕಡೆಗೆ ನಡೆಯುತ್ತಾಳೆ. ಭೂಗೋಳ, ವಿಜ್ಞಾನ, ಇತಿಹಾಸ, ಒಕ್ಕಲುತನ ಎಲ್ಲವೂ ಈ ದಂಡೆಯ ಮೇಲಿವೆ.

2024ರ ಜನವರಿಯಲ್ಲಿ ಒಂದು ಶಾಲೆಯ ಎಂಟನೆಯ ತರಗತಿಯ ಮಕ್ಕಳೊಂದಿಗೆ ಎರಡು ರಾತ್ರಿ, ಮೂರು ಹಗಲು ನಾನೂ ಇದ್ದೆ. ಘಟಪ್ರಭಾ ಸ್ಟೇಷನ್ನಿಗೆ ರೈಲಿನಲ್ಲಿ ಬಂದೆವು. ಧುಪದಾಳದ ಸಮೀಪ ಒಂದು ಹಾಲಿನಲ್ಲಿ ವಸತಿ. ಹುಡುಗಿಯರ ಜೊತೆ ಇಬ್ಬರು ಸಿಸ್ಟರ್, ಒಬ್ಬ ಶಿಕ್ಷಕಿ. ಊಟಕ್ಕೆ ರೊಟ್ಟಿ, ಪಲ್ಯ, ಅನ್ನ, ಸಾರು. ಪಾತ್ರೆ ತೊಳೆಯುವುದು ಸರದಿಯ ಪ್ರಕಾರ ಮಕ್ಕಳದೇ, ಒಂದು ಸರದಿ ನನ್ನದೂ. ಖರ್ಚು ಎಷ್ಟು ಕಡಿಮೆಯಾಯಿತೆಂದರೆ ಯಾರನ್ನೂ ಬಿಟ್ಟುಬರಬೇಕಾಗಲಿಲ್ಲ. ತರಗತಿಗೆ ತರಗತಿಯೇ ಬಂದಿತ್ತು.

ಮೊದಲನೆಯ ತಪ್ಪು ನನ್ನದೇ. ಸಾಯಂಕಾಲ ಮಕ್ಕಳನ್ನು ದಂಡೆಯ ಮೇಲೆ ಕೂರಿಸಿ ಸೃಷ್ಟಿಯ ಬಗ್ಗೆ ನಲವತ್ತು ನಿಮಿಷ ಪ್ರವಚನ ಮಾಡಿಬಿಟ್ಟೆ. ನನ್ನ ಬೆನ್ನ ಹಿಂದೆ ಸೂರ್ಯ ಮುಳುಗುತ್ತಿದ್ದ, ಬೆಳ್ಳಕ್ಕಿಗಳು ಸಾಲುಸಾಲಾಗಿ ಮರಕ್ಕೆ ಮರಳುತ್ತಿದ್ದವು. ಮಕ್ಕಳು ಪಾಪ, ಫಾದರ್ ಮಾತಾಡುತ್ತಿದ್ದಾರಲ್ಲಾ ಎಂದು ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದರು. ರಾತ್ರಿ ವಿಜ್ಞಾನದ ಶಿಕ್ಷಕಿ ಮೆತ್ತಗೆ, "ಫಾದರ್, ನಾಳೆ ಮುಂಜಾನೆ ನಾವು ಯಾರೂ ಮಾತಾಡೂದು ಬ್ಯಾಡರಿ" ಎಂದರು. ಒಪ್ಪಿಕೊಂಡೆ.

ಮರುದಿನ ಆರು ಗಂಟೆಗೆ ಆರಾರು ಮಕ್ಕಳ ಗುಂಪು. ಪ್ರತಿ ಗುಂಪಿಗೆ ಒಬ್ಬ ಹಿರಿಯರು. ನೀರಿನಿಂದ ದೂರ, ಒಂದೊಂದು ಜಾಲಿಗಿಡದ ಬಳಿ ಅರ್ಧ ತಾಸು ಮೌನ. ಕೈಯಲ್ಲಿ ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಕಂಡದ್ದು, ಕೇಳಿದ್ದು ಮಾತ್ರ ಬರೆಯಬೇಕು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆಯಬೇಕು. ಮೊದಲ ಐದು ನಿಮಿಷ ಮುಸಿಮುಸಿ ನಗು. ಆಮೇಲೆ ನಗು ತಾನಾಗಿ ನಿಂತಿತು. ಮಿಂಚುಳ್ಳಿಯೊಂದು ನೀರಿಗೆ ಬಿದ್ದು ಮೀನು ಹಿಡಿದು, ಅದನ್ನು ಕೊಂಬೆಗೆ ಬಡಿದು ಬಡಿದು ನುಂಗಿದ್ದನ್ನು ಒಬ್ಬ ಹುಡುಗ ಒಂದು ಪುಟ ತುಂಬ ಬರೆದಿದ್ದ. ಕನ್ನಡ ಪರೀಕ್ಷೆಯಲ್ಲಿ ನಾಲ್ಕು ಸಾಲು ಬರೆಯಲು ಅಳುವ ಹುಡುಗ ಅವನು ಎಂದು ಶಿಕ್ಷಕಿ ಹೇಳಿದರು.

ಇಲ್ಲಿ ಹಕ್ಕಿಗಳೇಕೆ ಸೇರುತ್ತವೆ ಎಂಬ ಪ್ರಶ್ನೆ ಅವರಿಂದಲೇ ಬಂತು. ಧುಪದಾಳದ ಒಡ್ಡು ಬ್ರಿಟಿಷರ ಕಾಲದ್ದು. ಹೊಲಗಳಿಗೆ ಕಾಲುವೆ ತೆಗೆಯಲು ಕಟ್ಟಿದ್ದು. ಒಡ್ಡಿನ ಹಿಂದೆ ನೀರು ನಿಂತಿತು. ನೀರಿನ ಜೊತೆ ಬಂದ ಹೂಳು ತಳಕ್ಕೆ ಕುಳಿತು ಆಳ ಕಡಿಮೆಯಾಯಿತು, ಅಲ್ಲಲ್ಲಿ ನಡುಗಡ್ಡೆಯಾಯಿತು, ಅದರ ಮೇಲೆ ಜಾಲಿ ಬೆಳೆಯಿತು. ಉದ್ದ ಕಾಲಿನ ಹಕ್ಕಿಗೆ ನಿಲ್ಲಲು ಆಳವಿಲ್ಲದ ನೀರು, ಮಲಗಲು ಮುಳ್ಳಿನ ಮರ, ಸುತ್ತ ಹೊಲಗಳ ಕಾಳು ಎಲ್ಲವೂ ಒಂದೆಡೆ ಸಿಕ್ಕವು. 1974ರಲ್ಲಿ ಸರಕಾರ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. ವಿಸ್ತೀರ್ಣ ಸುಮಾರು 30 ಚದರ ಕಿಲೋಮೀಟರ್. ಚಳಿಗಾಲದಲ್ಲಿ ಯುರೋಪಿನ ಬಿಳಿ ಕೊಕ್ಕರೆಗಳೂ, ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹೊರಡುವ ಡೆಮೊಸೆಲ್ ಎಂಬ ಕ್ರೌಂಚ ಹಕ್ಕಿಗಳೂ ಇಲ್ಲಿಗೆ ಬರುವುದುಂಟು. ಮಂಗೋಲಿಯಾ ನಕಾಶೆಯಲ್ಲಿ ಎಲ್ಲಿದೆಯೆಂದು ಆ ದಿನ ಮಕ್ಕಳು ಹುಡುಕಿದಷ್ಟು ಆಸೆಯಿಂದ ಯಾವ ತರಗತಿಯಲ್ಲೂ ಹುಡುಕಿರಲಾರರು. ನಮ್ಮ ಹಿರಿಯರು ಹೊಲಕ್ಕೆಂದು ಕಟ್ಟಿದ ಒಡ್ಡು ಹಕ್ಕಿಗೆ ಮನೆಯಾಯಿತು. ಮನುಷ್ಯನ ಕೈ ಮುಟ್ಟಿದ್ದೆಲ್ಲ ಹಾಳಾಗುತ್ತದೆ ಎಂಬ ಮಾತನ್ನು ನಾನು ಆ ದಿನದಿಂದ ಪ್ರವಚನದಲ್ಲಿ ಹೇಳುವುದಿಲ್ಲ.

ಮಧ್ಯಾಹ್ನ ಫಾಲ್ಸಿಗೆ ಹೋದೆವು. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಬಂಡೆಯ ಮೇಲೆ ನೀರು ಒಂದು ಎಳೆಯಷ್ಟೂ ಇರಲಿಲ್ಲವೆನ್ನಬಹುದು. ಪ್ರವಾಸಿಗರು ಬೇಸರದಿಂದ ಮರಳುತ್ತಿದ್ದರು. ಮಕ್ಕಳಲ್ಲಿ ಒಬ್ಬಳು, "ನಿನ್ನೆ ಅಲ್ಲಿ ಅಷ್ಟ ನೀರಿತ್ತು, ಇಲ್ಲಿ ಯಾಕಿಲ್ಲರಿ?" ಎಂದಳು. ನಾವು ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಬ್ಬ, "ಕಾಲುವಿಗೆ ಹೋಗೇತಿ!" ಎಂದು ಕೂಗಿದ. ಧುಪದಾಳದಲ್ಲಿ ಬೆಳಿಗ್ಗೆ ಕಂಡ ಕಾಲುವೆ ಅವನಿಗೆ ನೆನಪಾಗಿತ್ತು. ಮಳೆಗಾಲ ಮುಗಿದ ಮೇಲೆ ನದಿಯ ನೀರು ಹೊಲಗಳ ಪಾಲಾಗುತ್ತದೆ, ಜಲಪಾತಕ್ಕೆ ಉಳಿಯುವುದು ಕಡಿಮೆ. ನೀರಿಲ್ಲದ್ದರಿಂದ ಕಲ್ಲು ಚೆನ್ನಾಗಿ ಕಂಡಿತು. ನೂರು ಕೋಟಿ ವರ್ಷಗಳಷ್ಟು ಹಳೆಯ ಮರಳುಗಲ್ಲು, ಪದರದ ಮೇಲೆ ಪದರ. ಒಂದು ಕಾಲಕ್ಕೆ ಇದು ನೀರಿನ ತಳದ ಮರಳಾಗಿತ್ತು ಎಂದಾಗ ಮಕ್ಕಳು ಬಗ್ಗಿ ಕೈಯಿಂದ ಮುಟ್ಟಿ ನೋಡಿದರು. ಇದೇ ಧುಮುಕುವ ನೀರಿನ ಶಕ್ತಿಯಿಂದ 1887ರಲ್ಲಿ ಇಲ್ಲಿ ನೂಲಿನ ಗಿರಣಿ ನಡೆಯತೊಡಗಿದ್ದನ್ನೂ ಹೇಳಿದೆವು. ಅವರಲ್ಲಿ ಇಬ್ಬರ ಅಜ್ಜಂದಿರು ಗಿರಣಿಯಲ್ಲಿ ದುಡಿದವರಂತೆ.

ಆ ರಾತ್ರಿ ಒಂದು ಹುಡುಗಿ ಮಲಗಲು ಒಪ್ಪಲಿಲ್ಲ. ನೀರಿನ ಸಪ್ಪಳ ಕೇಳುತ್ತದೆ ಎಂದು ಅಳತೊಡಗಿದಳು. ಸಿಸ್ಟರ್ ಹತ್ತಿರ ಕೂರಿಸಿಕೊಂಡಾಗ ಹೇಳಿದಳು: "2019ರಾಗ ನಮ್ಮ ಮನಿಯೊಳಗ ನೀರ ಬಂದಿತ್ತರಿ. ಅಪ್ಪ ನನ್ನ ಹೆಗಲ ಮ್ಯಾಲ ಹೊತಗೊಂಡ ಹೋದಾ. ಆಕಳ ಹಗ್ಗ ಬಿಚ್ಚಾಕ ಆಗಲಿಲ್ಲರಿ." ಆ ಆಗಸ್ಟಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಒಮ್ಮೆಲೇ ತುಂಬಿ ಬಂದು ಗೋಕಾಕದ ತಗ್ಗು ಓಣಿಗಳನ್ನೂ ದಂಡೆಯ ಹಳ್ಳಿಗಳನ್ನೂ ಮುಳುಗಿಸಿದ್ದು ನಿಮಗೆಲ್ಲ ನೆನಪಿದೆ. ಆಗ ಅವಳು ನಾಲ್ಕನೆಯ ತರಗತಿ. ಈ ಹುಡುಗಿಯನ್ನು ನದಿಯ ದಂಡೆಗೆ ತರುವ ಮೊದಲು ನಾವು ಒಬ್ಬರೂ ಅವಳನ್ನು ಕೇಳಿರಲಿಲ್ಲ. ಇದು ನಮ್ಮ ಎರಡನೆಯ ತಪ್ಪು, ಮೊದಲಿನದಕ್ಕಿಂತ ದೊಡ್ಡದು.

ಬೆಳಿಗ್ಗೆ ಶಿಕ್ಷಕಿ ಅವಳ ಅನುಮತಿ ಕೇಳಿ, ಒದ್ದೆ ಮರಳಿನಲ್ಲಿ ಮೂರು ನದಿಗಳ ನಕಾಶೆ ಬರೆದರು. ಹಿಡಕಲ್ ಅಣೆಕಟ್ಟೆಗೆ ಒಂದು ಕಲ್ಲಿಟ್ಟರು. ಘಟಪ್ರಭೆಯನ್ನು ಆ ಕಲ್ಲು ತಡೆಯಬಲ್ಲದು, ಆದರೆ ತುಂಬಿದ ಮೇಲೆ ಬಿಡಲೇಬೇಕು. ಹಿರಣ್ಯಕೇಶಿ ಕಲ್ಲಿನ ಕೆಳಗೆ ಬಂದು ಸೇರುತ್ತಾಳೆ, ಅವಳನ್ನು ಅದು ತಡೆಯಲಾರದು. ಮಾರ್ಕಂಡೇಯ ಇನ್ನೂ ಕೆಳಗೆ. ಮೂರು ತಂಬಿಗೆ ನೀರು ಒಟ್ಟಿಗೆ ಸುರಿದಾಗ ಎಲ್ಲಿ ಉಕ್ಕಿತೆಂದು ಎಲ್ಲರೂ ಕಂಡರು. ಆ ಹುಡುಗಿ ಬೆರಳಿಟ್ಟು, "ನಮ್ಮ ಮನಿ ಇಲ್ಲಿ ಬರತೈತಿ" ಎಂದಳು. ಉಳಿದ ಮಕ್ಕಳು ಅವಳನ್ನು ಪ್ರಶ್ನೆ ಕೇಳತೊಡಗಿದರು. ನೀರು ಯಾವಾಗ ಬಂತು, ಮೊದಲು ಯಾವ ಓಣಿಗೆ ಬಂತು, ಎಷ್ಟು ದಿನ ನಿಂತಿತು ಎಂದು. ಅಂದು ಅವಳೇ ನಮ್ಮ ಶಿಕ್ಷಕಿ.

ಕೊನೆಯ ಭೇಟಿ ಮೂಡಲಗಿ ಕಡೆಯ ಒಂದು ಹೊಲ. ಕಬ್ಬಿನ ನಡುವೆ ಏನೂ ಬೆಳೆಯದ ಬಿಳಿ ತುಂಡು ನೆಲ. ಸವಳು. ಒಕ್ಕಲಿಗನೇ ವಿವರಿಸಿದ: ಕಾಲುವೆ ನೀರು ಹೆಚ್ಚು ಹಾಯಿಸಿದಂತೆ ಭೂಮಿಯೊಳಗಿನ ನೀರು ಮೇಲೇರುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ; ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ಇದನ್ನು ಮನೆಯಲ್ಲೂ ನೋಡಬಹುದು. ಒಂದು ತಟ್ಟೆಯಲ್ಲಿ ಉಪ್ಪು ನೀರು ಹಾಕಿ ಅದರಲ್ಲಿ ಒಂದು ಹಸಿಗೆಂಪು ಇಟ್ಟಿಗೆ ನಿಲ್ಲಿಸಿ, ಬಿಸಿಲಿಗಿಡಿ. ಕೆಲವು ದಿನಗಳಲ್ಲಿ ನೀರಿಗಿಂತ ಮೇಲಿನ ಭಾಗದಲ್ಲಿ ಬಿಳಿ ಪುಡಿ ಕಟ್ಟುತ್ತದೆ.

ಇಂಥ ಶಿಬಿರ ನಡೆಸುವ ಶಾಲೆಗಳಿಗೆ ಕೆಲವು ಮಾತು. ಪಕ್ಷಿಧಾಮಕ್ಕೆ ಹೋಗುವ ಮೊದಲು ಅರಣ್ಯ ಇಲಾಖೆಗೆ ಪತ್ರ ಬರೆಯಿರಿ. ಹಕ್ಕಿಗಳಿಗಾಗಿ ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಹಿರಿಯರೊಬ್ಬರು ಮೊದಲೇ ಜಾಗ ನೋಡಿ ಬರಲಿ. ಯಾರೂ ನೀರಿಗೆ ಇಳಿಯುವಂತಿಲ್ಲ, ಮೊಣಕಾಲಷ್ಟು ಎಂಬ ಮಾತೂ ಬೇಡ. ತಾಸಿಗೊಮ್ಮೆ ತಲೆ ಎಣಿಸಿ. ಜೇನು ಕಂಡಲ್ಲಿ ಕಲ್ಲು, ಹೊಗೆ, ಸೆಂಟು ಮೂರೂ ನಿಷೇಧ. ಫುಟ್ಬಾಲಿನ ಸೀಟಿ ಒಬ್ಬರ ಕೊರಳಲ್ಲಿರಲಿ. ಮಕ್ಕಳ ಮೊಬೈಲು ಮನೆಯಲ್ಲಿರಲಿ, ಶಿಕ್ಷಕರದು ಜೇಬಿನಲ್ಲಿರಲಿ. ಹೊರಡುವ ಮೊದಲು ಪ್ರತಿ ಮಗುವಿನ ತಂದೆತಾಯಿಯೊಂದಿಗೆ ಕುಳಿತು ಮಾತಾಡಿ, ಕಾಯಿಲೆಯ ಬಗ್ಗೆ ಮಾತ್ರವಲ್ಲ, ಭಯದ ಬಗ್ಗೆಯೂ ಕೇಳಿ. ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಕಳಿಸಲು ಹಿಂಜರಿಯುವ ತಂದೆತಾಯಂದಿರನ್ನು ಜರೆಯಬೇಡಿ, ಅವರಲ್ಲಿ ಇಬ್ಬರನ್ನು ಜೊತೆಗೇ ಕರೆದುಕೊಂಡು ಹೋಗಿ. ಅಡುಗೆಗೂ ಕೈ ಸಿಕ್ಕಂತಾಗುತ್ತದೆ.

ಊರಿಗೆ ಮರಳಿದ ಎರಡನೆಯ ವಾರ ಆ ಹುಡುಗಿ ತಂದೆಯಿಂದ ಟೇಪು ಹಿಡಿಸಿ, ಮನೆಯ ಗೋಡೆಯ ಮೇಲೆ 2019ರ ನೀರಿನ ಗುರುತು ನೆಲದಿಂದ ಎಷ್ಟು ಎತ್ತರವಿದೆಯೆಂದು ಅಳೆದಳು. ಐದು ಅಡಿ ಎರಡು ಇಂಚು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದು ಶಾಲೆಗೆ ತಂದಳು. ಮುಂದಿನ ಶನಿವಾರ ಅವಳ ಗುಂಪಿನ ಆರೂ ಮಕ್ಕಳು ಅದೇ ಟೇಪು ಹಿಡಿದುಕೊಂಡು ಅವರ ಓಣಿಯ ಉಳಿದ ಮನೆಗಳಿಗೆ ಹೋದರು.