ಗೂಡುದೀಪ ಗಡಿಗೆ ಹೊರಡುವ ಮೊದಲು

ದೀಪಾವಳಿಗೆ ಯೋಧರಿಗೆ ಕೈಯಾರೆ ಮಾಡಿದ್ದೇನಾದರೂ ಕಳಿಸೋಣ ಎಂದು ಪಣಂಬೂರು ಕಡೆಯ ಯುವಕ ಮಂಡಲ, ಮಹಿಳಾ ಮಂಡಲದವರು ಹೊರಟಿದ್ದರೆ ಒಂದೆರಡು ಕಿವಿಮಾತು.

ನಮ್ಮ ಗೂಡುದೀಪಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಆದರೆ ಕಟ್ಟಿ ಅಂಟಿಸಿದ್ದು ದಾರಿಯಲ್ಲೇ ಅಪ್ಪಚ್ಚಿಯಾದೀತು. ಬಿದಿರಕಡ್ಡಿ, ಬಣ್ಣದ ಕಾಗದ, ಬಾಲಂಗೋಚಿಗಳನ್ನು ಬಿಡಿಬಿಡಿಯಾಗಿಟ್ಟು, ಕಟ್ಟುವ ಕ್ರಮವನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆದಿಡಿ. ಬೆಂಕಿಪೊಟ್ಟಣವನ್ನು ಅಂಚೆಯಲ್ಲಿ ಕಳಿಸುವಂತಿಲ್ಲ. ತೆಂಗಿನಕಾಯಿ ಹಾಕಿದ ತಿಂಡಿ ಬೇಡ. ಹುರಿದ ಗೇರುಬೀಜ ಬೇಗ ಕೆಡದು.

ವಿಳಾಸದಲ್ಲಿ ಹುದ್ದೆ, ಹೆಸರು, ಘಟಕ, ಪಿನ್ ಸಂಖ್ಯೆ, ಕೊನೆಗೆ 56 ಎಪಿಒ ಅಥವಾ 99 ಎಪಿಒ (ಸೇನಾ ಅಂಚೆ ಕಚೇರಿ) ಇದ್ದರೆ ಸಾಕು. ಊರಿನ ಹೆಸರು ಬರೆಯಬಾರದು. ಆ ವಿಳಾಸವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಹಾಕಬೇಡಿ. ಲೆಬನಾನ್, ದಕ್ಷಿಣ ಸುಡಾನ್‌ಗಳಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋದ ನಮ್ಮವರಿದ್ದಾರೆ. ಅವರಿಗೆ ಕಳಿಸುವ ಬಗೆಯನ್ನು ಮನೆಯವರಲ್ಲೇ ಕೇಳಿ. ಪರಿಚಿತ ಯೋಧರಿಲ್ಲದಿದ್ದರೆ ಮಂಗಳೂರಿನ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಇನ್ನೊಂದು ಮಾತು: ಕರಾವಳಿ ಕಾವಲು ಪಡೆಯ ಕರ್ನಾಟಕ ಕೇಂದ್ರ ಕಚೇರಿ ಇರುವುದು ಪಣಂಬೂರಿನಲ್ಲೇ. ಹಬ್ಬದ ದಿನವೂ ಕಡಲಲ್ಲಿರುವ ಅವರಿಗೆ ಅಂಚೆಚೀಟಿಯ ಖರ್ಚೂ ಬೇಡ. ಮೊದಲೇ ಅನುಮತಿ ಕೇಳಿ, ಗೇಟಿನಲ್ಲೇ ಕೊಟ್ಟು ಬನ್ನಿ.